ಧನ್ಯವಾದದ ಜೊತೆಗೆ ಅಳತೆಯನ್ನೂ ಬರೆಯಿರಿ

ಪ್ರಶ್ನೆ: ನಾನು ಮಲ್ಪೆಯವನು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದೇನೆ. ತಾರಸಿಯ ಟ್ಯಾಂಕಿನಲ್ಲಿ ನೀರು ಇಳಿದಾಗ ಬಾವಿಯ ಪಂಪು ತಾನೇ ಚಾಲೂ ಆಗಿ, ತುಂಬಿದಾಗ ನಿಲ್ಲುವ ಸರ್ಕ್ಯೂಟನ್ನು ಮನೆಯಲ್ಲಿ ಕಟ್ಟಿದ್ದೆ. ಎರಡು ತಿಂಗಳು ಸರಿಯಾಗಿ ನಡೆಯಿತು. ಆಮೇಲೆ ಟ್ಯಾಂಕು ತುಂಬಿ ಹರಿದರೂ ಪಂಪು ನಿಲ್ಲಲಿಲ್ಲ. ಅಂತರ್ಜಾಲದಲ್ಲಿ ಕೇಳಿದಾಗ, ಯಾವ ದೇಶದವರೆಂದೂ ಗೊತ್ತಿಲ್ಲದ ಒಬ್ಬರು ಮೂರು ರಾತ್ರಿ ನನ್ನ ಫೋಟೋಗಳನ್ನು ನೋಡಿ, ಅಳತೆಗಳನ್ನು ಕೇಳಿ, ನೀರಿನ ಮಟ್ಟ ತಿಳಿಯಲು ಟ್ಯಾಂಕಿನೊಳಗೆ ಇಳಿಬಿಟ್ಟ ತಾಮ್ರದ ಸರಳು ಕರಗಿಹೋಗಿದೆ ಎಂದು ಪತ್ತೆ ಮಾಡಿದರು. ಪರಿಹಾರವನ್ನೂ ಹೇಳಿದರು. ಈಗ ಪಂಪು ಸರಿಯಾಗಿದೆ. ‘ತುಂಬಾ ಧನ್ಯವಾದ’ ಎಂದು ಬರೆದೆ. ಅದಕ್ಕೆ ಇನ್ನೊಬ್ಬರು ‘ಬರಿಯ ಧನ್ಯವಾದ ಬರೆದು ಜಾಗ ತುಂಬಿಸಬೇಡಿ’ ಎಂದು ಗದರಿದರು. ಮನಸ್ಸಿಗೆ ಬೇಸರವಾಯಿತು. ಉಪಕಾರ ಮಾಡಿದವರಿಗೆ ಹಣ ಕಳಿಸಲೇ? ಕೃತಜ್ಞತೆಯನ್ನು ಹೇಗೆ ಹೇಳಲಿ? ಅಂತರ್ಜಾಲ ಇಲ್ಲದ ಕಾಲದಲ್ಲಿ ನೀವು ಈ ವಿದ್ಯೆಯನ್ನು ಯಾರಿಂದ ಕಲಿತಿರಿ, ಅವರ ಋಣವನ್ನು ಹೇಗೆ ತೀರಿಸಿದಿರಿ?

ಉತ್ತರ: ನೀವು ಧನ್ಯವಾದ ಬರೆದದ್ದು ತಪ್ಪಲ್ಲ. ಗದರಿದವರ ದನಿ ಒರಟಾಗಿತ್ತು, ಹಾಗೆ ಹೇಳಬೇಕಾಗಿರಲಿಲ್ಲ. ಆದರೆ ಆ ಮಾತಿನ ಒಳಗೆ ಒಂದು ನ್ಯಾಯವಿದೆ. ಕೆಲವು ಪ್ರಶ್ನೋತ್ತರ ತಾಣಗಳು ಉಪಚಾರದ ಮಾತು ಬೇಡ, ಉತ್ತರ ಸರಿಯಿದ್ದರೆ ಅದಕ್ಕೆ ಗುರುತು ಹಾಕಿ ಸಾಕು ಎಂದು ನಿಯಮವನ್ನೇ ಮಾಡಿಕೊಂಡಿವೆ. ಇನ್ನು ಐದು ವರ್ಷ ಕಳೆದು ಇದೇ ತೊಂದರೆಯನ್ನು ಹುಡುಕಿಕೊಂಡು ಬರುವವನು ಉಪಚಾರದ ಹತ್ತಾರು ಸಾಲುಗಳನ್ನು ದಾಟಿ ಉತ್ತರಕ್ಕೆ ತಲುಪಬೇಕಾಗುತ್ತದೆ ಎಂಬುದು ಅವರ ಕಾರಣ. ನಿಮ್ಮ ಮಾತು ಉಪಕಾರ ಮಾಡಿದ ಒಬ್ಬರಿಗಷ್ಟೇ ತಲುಪಿತು. ಹಿಂದಿನಿಂದ ಬರುವವನಿಗೆ ಅದರಿಂದ ಏನೂ ಸಿಗಲಿಲ್ಲ. ಇಬ್ಬರಿಗೂ ಸಲ್ಲುವ ಹಾಗೆ ಕೃತಜ್ಞತೆ ಹೇಳುವ ದಾರಿಯೊಂದಿದೆ. ಅದನ್ನು ನಾನು ಕಲಿತದ್ದು ಉಡುಪಿಯ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ. ಆದ್ದರಿಂದ ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದಾಗ ನಾನು ಹೈಸ್ಕೂಲಿನಲ್ಲಿದ್ದೆ. ಹೆಸರು ಮಂಗಳೂರಿನದಾದರೂ ಅದರ ಮಧ್ಯಮ ತರಂಗದ ಟ್ರಾನ್ಸ್‌ಮಿಟರ್ ಇದ್ದದ್ದು ನಮ್ಮ ಬ್ರಹ್ಮಾವರದಲ್ಲಿ. 1089 ಕಿಲೋಹರ್ಟ್ಸ್ ಎಂಬ ಸಂಖ್ಯೆ ಈ ಕರಾವಳಿಯ ನನ್ನ ವಯಸ್ಸಿನವರಿಗೆ ಮನೆಯ ನಂಬರಿನಷ್ಟೇ ಪರಿಚಿತ. ಉಡುಪಿಯಲ್ಲಿ ಆ ಅಲೆ ಎಷ್ಟು ಬಲವಾಗಿತ್ತೆಂದರೆ ಬ್ಯಾಟರಿಯೇ ಇಲ್ಲದ ಕ್ರಿಸ್ಟಲ್ ರೇಡಿಯೋದಲ್ಲೂ ಸ್ಪಷ್ಟವಾಗಿ ಕೇಳುತ್ತಿತ್ತು. ಎರಡು ತೆಂಗಿನ ಮರಗಳ ನಡುವೆ ತಾಮ್ರದ ತಂತಿ ಕಟ್ಟಿದೆ. ಬಾವಿಕಟ್ಟೆಯ ಪಕ್ಕದ ಒದ್ದೆ ಮಣ್ಣಿನಲ್ಲಿ ಕಬ್ಬಿಣದ ಪೈಪು ಹೂತು ಅರ್ಥ್ ಮಾಡಿದೆ. ಬಿದಿರಿನ ತುಂಡಿನ ಮೇಲೆ ಸುತ್ತಿದ ಸುರುಳಿ, ಹಾಳಾದ ರೇಡಿಯೋದಿಂದ ಬಿಚ್ಚಿದ, ಕೇಂದ್ರ ಹುಡುಕಲು ತಿರುಗಿಸುವ ಗ್ಯಾಂಗ್ ಕಂಡೆನ್ಸರ್, ಒಂದು ಓಎ79 ಡಯೋಡ್, ಹಳೆಯ ಹೆಡ್‌ಫೋನ್, ಇಷ್ಟೇ ಸಾಮಾನು. ಬ್ರಹ್ಮಾವರದಿಂದ ಹೊರಟ ಅಲೆಯೇ ಕಿವಿಯ ಬಳಿಯ ತಗಡನ್ನು ಅಲುಗಿಸಿ ಮಾತನಾಡಿಸುತ್ತಿತ್ತು. ಸುರುಳಿ 200 ಮೈಕ್ರೋಹೆನ್ರಿ ಇದ್ದರೆ ಆ ಕೇಂದ್ರವನ್ನು ಹಿಡಿಯಲು ಸುಮಾರು 107 ಪಿಕೋಫ್ಯಾರಡ್ ಬೇಕು ಎಂದು ಲೆಕ್ಕ ಹಾಕುವುದು ಬಹಳ ಕಾಲದ ಮೇಲೆ ಬಂತು. ಆಗ ಗೊತ್ತಿದ್ದದ್ದು ಗುಂಡಿಯನ್ನು ನಿಧಾನವಾಗಿ ತಿರುಗಿಸುವುದು ಮಾತ್ರ.

ಆ ಓಎ79 ಡಯೋಡಿಗಾಗಿ ರಥಬೀದಿಯ ಹತ್ತಿರದ ಅಂಗಡಿಗೆ ಹೋದವನು ಮುಂದೆ ಆರು ವರ್ಷ ರಜೆ ಸಿಕ್ಕಾಗಲೆಲ್ಲ ಅಲ್ಲೇ ಇದ್ದೆ. ಅಂಗಡಿಯವರನ್ನು ನಾವು ಮಾಸ್ಟ್ರೇ ಎಂದು ಕರೆಯುತ್ತಿದ್ದೆವು, ಅವರು ಶಾಲೆಯ ಮೇಷ್ಟ್ರಲ್ಲದಿದ್ದರೂ. ತುಳುವಿನಲ್ಲಿ ಮಾತು, ಕನ್ನಡದಲ್ಲಿ ಬರಹ. ಆಗ ರೇಡಿಯೋ ಇಟ್ಟುಕೊಳ್ಳಬೇಕಾದರೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಬೇಕಿತ್ತು. ಎಷ್ಟೋ ಜನ ಲೈಸೆನ್ಸ್ ಪುಸ್ತಕವನ್ನು ರೇಡಿಯೋದ ಬೆನ್ನಿಗೇ ಕಟ್ಟಿ ತರುತ್ತಿದ್ದರು.

ಮಾಸ್ಟ್ರು ಪಾಠ ಮಾಡಿದವರಲ್ಲ. ರೇಡಿಯೋ ತೆರೆದಾಗ ವಾಲ್ಯೂಮ್ ಗುಂಡಿಯ ನಡುವಿನ ಕಾಲಿಗೆ ಸ್ಕ್ರೂಡ್ರೈವರಿನ ತುದಿಯನ್ನೂ ಅದರ ಲೋಹಕ್ಕೆ ಬೆರಳನ್ನೂ ತಾಗಿಸುತ್ತಿದ್ದರು. ಸ್ಪೀಕರಿನಲ್ಲಿ ‘ಗುಂಯ್’ ಎಂದರೆ ಅಲ್ಲಿಂದ ಮುಂದಿನ ಅರ್ಧ ಸರಿಯಿದೆ, ದೋಷ ಹಿಂದಿನ ಅರ್ಧದಲ್ಲಿದೆ. ಆ ಅರ್ಧವನ್ನು ಮತ್ತೆ ಅರ್ಧ ಮಾಡು. ಹೀಗೆ ನಾಲ್ಕು ಸಲ ಮಾಡಿದರೆ ಒಂದು ಇಡೀ ರೇಡಿಯೋ ಮೂರು ನಾಲ್ಕು ಬಿಡಿಭಾಗಗಳಿಗೆ ಇಳಿಯುತ್ತದೆ. ವಾಲ್ವ್ ರೇಡಿಯೋ ಆದರೆ ಮೊದಲು ಎಡಗೈ ಬೆನ್ನ ಹಿಂದೆ. ಒಳಗೆ 250 ವೋಲ್ಟಿನ ಆಸುಪಾಸು ಇರುತ್ತದೆ. ಒಂದು ಕೈಯಿಂದ ಇನ್ನೊಂದು ಕೈಗೆ ಕರೆಂಟು ಹರಿದರೆ ನಡುವೆ ಸಿಗುವುದು ಹೃದಯ. ನಾನು ಮೂವತ್ತು ವರ್ಷ ಪ್ರಯೋಗಾಲಯದಲ್ಲಿ ಮಕ್ಕಳಿಗೆ ಹೇಳಿಕೊಟ್ಟದ್ದರಲ್ಲಿ ಇದಕ್ಕಿಂತ ದೊಡ್ಡ ಪಾಠ ಇನ್ನೊಂದಿಲ್ಲ.

ಕರೆಂಟಿಗೆ ತಡೆಯೊಡ್ಡುವ ರೆಸಿಸ್ಟರಿನ ಮೈಮೇಲೆ ಅದರ ಅಳತೆಯನ್ನು ಬಣ್ಣದ ಪಟ್ಟಿಗಳಲ್ಲಿ ಬರೆದಿರುತ್ತಾರೆ, ಒಂದೊಂದು ಬಣ್ಣಕ್ಕೆ ಒಂದೊಂದು ಅಂಕಿ. ಆ ಬಣ್ಣಗಳನ್ನು ಅವರು ಕಲಿಸಿದ ರೀತಿಯನ್ನು ಇಲ್ಲಿ ಬರೆಯಲೇಬೇಕು. ಇಂಗ್ಲಿಷಿನಲ್ಲಿ ಅದಕ್ಕೆ ವಾಕ್ಯಗಳನ್ನು ಬಾಯಿಪಾಠ ಮಾಡಿಸುತ್ತಾರೆ. ನಮಗೆ ವಾಕ್ಯವೇ ಬೇಡ. ಕಪ್ಪು, ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ, ಬೂದು, ಬಿಳಿ. ನಾಲ್ಕು ‘ಕ’, ಎರಡು ‘ಹ’, ಎರಡು ‘ನ’, ಎರಡು ‘ಬ’. ಸೊನ್ನೆಯಿಂದ ಒಂಬತ್ತರವರೆಗೆ ಕನ್ನಡದ ಅಕ್ಷರಗಳು ತಾವಾಗಿಯೇ ಗುಂಪು ಕಟ್ಟಿಕೊಂಡು ನಿಂತಿವೆ. ಹಳದಿ-ನೇರಳೆ-ಕೆಂಪು ಎಂದರೆ 4, 7, ಆಮೇಲೆ ಎರಡು ಸೊನ್ನೆ: 4700 ಓಮ್. ಒಂದು ಮಧ್ಯಾಹ್ನದಲ್ಲಿ ಕಲಿತೆ, ಈ ವಯಸ್ಸಿನವರೆಗೂ ಮರೆತಿಲ್ಲ.

ಬಿಡಿಭಾಗಗಳ ಮಾಹಿತಿ ಸಿಗುವುದು ಮಾತ್ರ ನಿಜವಾಗಿ ಕಷ್ಟವಿತ್ತು. ಇಂದು ನೀವು ಟ್ರಾನ್ಸಿಸ್ಟರಿನ ಹೆಸರು ಒತ್ತಿದರೆ ಅದರ ಪೂರ್ತಿ ಜಾತಕ ಎದುರಿಗೆ ಬರುತ್ತದೆ. ನಮಗೆ ಅದು ಯಾರಾದರೂ ಕೈಯಲ್ಲಿ ನಕಲು ಮಾಡಿ ತಂದರೆ ಉಂಟು. ಸುರತ್ಕಲ್ಲಿನ ಕರ್ನಾಟಕ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಿನಲ್ಲಿ (2002ರಿಂದ ಅದು ಎನ್‌ಐಟಿಕೆ) ಓದುತ್ತಿದ್ದ ನೆಂಟರೊಬ್ಬರು ಗ್ರಂಥಾಲಯದ ಡೇಟಾ ಪುಸ್ತಕದಿಂದ ಹದಿನೈದು ಪುಟಗಳನ್ನು ಪೆನ್ಸಿಲಿನಲ್ಲಿ ಬರೆದು ತಂದುಕೊಟ್ಟರು. ಆ ಪುಟಗಳಲ್ಲಿ ಎಸ್‌ಎಲ್100 ಟ್ರಾನ್ಸಿಸ್ಟರಿನ ಮೂರು ಕಾಲುಗಳ ಚಿತ್ರವಿತ್ತು. ಅದು ಕೆಳಗಿನಿಂದ ನೋಡಿದ ಚಿತ್ರ. ನಾನು ಮೇಲಿನಿಂದ ನೋಡಿದ್ದೆಂದು ತಿಳಿದು ಬೆಸುಗೆ ಹಾಕಿದೆ. ಹೊಸ ಟ್ರಾನ್ಸಿಸ್ಟರ್ ಎರಡು ಸೆಕೆಂಡಿನಲ್ಲಿ ಬೆರಳು ಸುಡುವಷ್ಟು ಬಿಸಿಯಾಗಿ ಸತ್ತಿತು. ಎರಡನೆಯದೂ ಸತ್ತಿತು. ಮೂರನೆಯದನ್ನು ಹಾಕುವ ಮೊದಲು ಮಾಸ್ಟ್ರು ನನ್ನ ಕೈ ಹಿಡಿದು ನಿಲ್ಲಿಸಿ, ಲೋಹದ ಟೊಪ್ಪಿಯ ಅಂಚಿನಲ್ಲಿರುವ ಪುಟ್ಟ ನಾಲಗೆಯನ್ನು ತೋರಿಸಿದರು. ಅದರ ಪಕ್ಕದ ಕಾಲು ಎಮಿಟರ್. ಕಲೆಕ್ಟರ್ ಟೊಪ್ಪಿಗೇ ಕೂಡಿರುತ್ತದೆ, ಮೀಟರಿನಲ್ಲಿ ನೋಡಿದರೆ ತಿಳಿಯುತ್ತದೆ. ‘ಪುಸ್ತಕ ಯಾವ ಕಡೆಯಿಂದ ನೋಡಿ ಬರೆದಿದೆಯೋ ಯಾರಿಗೆ ಗೊತ್ತು ಮಾರಾಯ, ನೀನು ವಸ್ತುವನ್ನೇ ಕೇಳು’ ಎಂದರು. ಆ ಎರಡು ಟ್ರಾನ್ಸಿಸ್ಟರುಗಳು ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಿಂದ ಬಂದವು. ಮಾಟುಂಗದ ಹೋಟೆಲಿನಲ್ಲಿ ದುಡಿಯುತ್ತಿದ್ದ ಮಾವ ಊರಿಗೆ ಬರುವಾಗ ಬೆಂಕಿಪೊಟ್ಟಣದಲ್ಲಿ ಹತ್ತಿಯ ಜೊತೆ ಇಟ್ಟು ತಂದಿದ್ದರು. ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರಲ್ಲಿ. ಅದಕ್ಕೆ ಮೊದಲೆಲ್ಲ ಒಂದು ಹಗಲು ಒಂದು ರಾತ್ರಿ ಬಸ್ಸಿನ ಪ್ರಯಾಣ. ಎಲೆಕ್ಟ್ರಾನಿಕ್ಸಿನ ಗಂಧವೇ ಇಲ್ಲದ ಮಾವ ನನ್ನ ಚೀಟಿಯಲ್ಲಿದ್ದ ಅಕ್ಷರಗಳನ್ನು ಒಂದೊಂದಾಗಿ ಅಂಗಡಿಯವರಿಗೆ ತೋರಿಸಿ, ತನ್ನ ವಾರದ ಒಂದೇ ರಜೆಯ ದಿನವನ್ನು ಅದಕ್ಕೆ ಕೊಟ್ಟಿದ್ದರು. ನನಗೆ ಕಲಿಸಿದವರ ಸಾಲಿನಲ್ಲಿ ಅವರೂ ಇದ್ದಾರೆ.

ಇನ್ನು ಅಂಗಡಿಯ ದೊಡ್ಡ ಆಸ್ತಿ. ಗೋಡೆಯ ಮೊಳೆಗೆ ನೇತುಹಾಕಿದ ಒಂದು ಉದ್ದನೆಯ ಲೆಕ್ಕದ ಪುಸ್ತಕ. ಅದರಲ್ಲಿ ಹಣದ ಲೆಕ್ಕವಿರಲಿಲ್ಲ. ರೇಡಿಯೋದ ಮಾದರಿ, ಗಿರಾಕಿ ಹೇಳಿದ ತೊಂದರೆ, ನಿಜವಾಗಿ ಸಿಕ್ಕ ದೋಷ, ಮಾಡಿದ ರಿಪೇರಿ, ಹೀಗೆ ನಾಲ್ಕು ಕಲಮು. ಐದನೆಯದೊಂದು ಕಲಮು ಇತ್ತು, ಅದು ಬಹಳ ದಿನ ಖಾಲಿ ಇರುತ್ತಿತ್ತು: ‘ಮತ್ತೆ ಬಂತೇ?’ ಆರು ತಿಂಗಳ ನಂತರ ಗಿರಾಕಿ ದಾರಿಯಲ್ಲಿ ಸಿಕ್ಕಿದರೂ ಮಾಸ್ಟ್ರು ರೇಡಿಯೋ ಹೇಗಿದೆ ಎಂದು ಕೇಳಿ, ಅಂಗಡಿಗೆ ಬಂದು ಆ ಕಲಮಿನಲ್ಲಿ ಬರೆಯುತ್ತಿದ್ದರು. ಪೇಟೆಯ ಬೇರೆ ರಿಪೇರಿಯವರೂ ಬಂದು ಆ ಪುಸ್ತಕ ನೋಡಿ ಹೋಗುತ್ತಿದ್ದರು. ಅವರ ಮೇಲಿದ್ದ ಷರತ್ತು ಒಂದೇ: ನೋಡಿದವರು ತಮ್ಮ ಒಂದು ದೋಷವನ್ನು ಅದರಲ್ಲಿ ಬರೆದು ಹೋಗಬೇಕು. ಉಪ್ಪುಗಾಳಿಗೆ ಬ್ಯಾಂಡ್ ಸ್ವಿಚ್ಚಿನ ಎಲೆಗಳಿಗೆ ಕಿಲುಬು ಹಿಡಿಯುವುದು, ಮಳೆಗಾಲದಲ್ಲಿ ಐಎಫ್ ಟ್ರಾನ್ಸ್‌ಫಾರ್ಮರ್ ಎಂಬ ಪುಟ್ಟ ಸುರುಳಿಯ ಡಬ್ಬಿಯೊಳಗೆ ಬೂಷ್ಟು ಬಂದು ಧ್ವನಿ ಕುಗ್ಗುವುದು, ಇಂಥ ನಮ್ಮ ಕಡೆಯ ಕಾಯಿಲೆಗಳು ಹೊರಗಿನಿಂದ ಬಂದ ಯಾವ ಪುಸ್ತಕದಲ್ಲೂ ಇರಲಿಲ್ಲ. ಆ ಲೆಕ್ಕದ ಪುಸ್ತಕದಲ್ಲಿ ಇದ್ದವು.

ಈಗ ನಿಮ್ಮ ಪ್ರಶ್ನೆಗೆ ನೇರವಾಗಿ ತಾಗುವ ಸಂಗತಿ. 1980ರ ದಶಕದ ಆರಂಭದಲ್ಲಿ ಟಿಬಿಎ810 ಎಂಬ ಐಸಿ (ಹಲವು ಬಿಡಿಭಾಗಗಳನ್ನು ಒಂದರಲ್ಲೇ ಅಡಗಿಸಿದ ಚಿಪ್) ಹಾಕಿ, ಧ್ವನಿ ಹೆಚ್ಚಿಸುವ ಒಂದು ಆಂಪ್ಲಿಫೈಯರ್ ಕಟ್ಟಿದೆ. ಒಂದು ಪತ್ರಿಕೆಯಲ್ಲಿ ಬಂದ ಸರ್ಕ್ಯೂಟ್ ಅದು. ಧ್ವನಿ ಹೆಚ್ಚಿಸಿದ ಕೂಡಲೇ ಸ್ಪೀಕರಿನಿಂದ ‘ಡುಬ್ ಡುಬ್ ಡುಬ್’ ಎಂದು ಮಲ್ಪೆಯ ದೋಣಿಯ ಇಂಜಿನ್ನಿನ ಸದ್ದು. (ಇಂಗ್ಲಿಷಿನಲ್ಲೂ ಈ ದೋಷಕ್ಕೆ ಮೋಟಾರು ದೋಣಿಯ ಹೆಸರೇ ಇದೆ ಎಂದು ಆಮೇಲೆ ತಿಳಿದು ಸಂತೋಷವಾಯಿತು.) ಪತ್ರಿಕೆಯ ವಿಳಾಸಕ್ಕೆ, ಲೇಖಕರ ಹೆಸರಿಗೆ ಪತ್ರ ಬರೆದೆ. ಒಳಗೆ ಸ್ವವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆ ಇಟ್ಟೆ. ಐದು ವಾರಗಳ ನಂತರ ಉತ್ತರ ಬಂತು. ನಾನು ನೋಡದ ಊರಿನ, ನೋಡದ ಮನುಷ್ಯ ಎರಡು ಪುಟ ತುಂಬ ಬರೆದಿದ್ದರು. ಬ್ಯಾಟರಿಯ ಬದಲು ಮನೆಯ ಕರೆಂಟಿನಿಂದ ನಡೆಸಲು ಬಳಸುವ ಬ್ಯಾಟರಿ ಎಲಿಮಿನೇಟರಿನಿಂದ ಬರುವ ವೋಲ್ಟೇಜು ಧ್ವನಿಯ ಜೊತೆ ಕುಸಿದು ಏರುತ್ತದೆ, ಆ ಏರಿಳಿತ ಮತ್ತೆ ಒಳಗಿನ ದಾರಿಗೆ ಸೇರಿ ಸುತ್ತು ಹಾಕುತ್ತದೆ, ಆದ್ದರಿಂದ ಐಸಿಯ ಕಾಲಿಗೆ ಆದಷ್ಟು ಹತ್ತಿರ ದೊಡ್ಡ ಕಂಡೆನ್ಸರ್ ಹಾಕು ಎಂದು ಚಿತ್ರ ಬಿಡಿಸಿ ತೋರಿಸಿದ್ದರು. ಹಾಕಿದೆ. ಸದ್ದು ನಿಂತಿತು. ಆ ರಾತ್ರಿ ಮನೆಯವರೆಲ್ಲ ನಿದ್ದೆ ಮಾಡುವವರೆಗೆ ಹಾಡು ಕೇಳಿಸಿದೆ.

ಮರುದಿನ ಅಂಗಡಿಯಲ್ಲಿ ಹೇಳಿಕೊಂಡಾಗ ಮಾಸ್ಟ್ರು ಕೇಳಿದ್ದು ಒಂದೇ ಮಾತು. ‘ಅವರಿಗೆ ಏನು ಬರೆದೆ?’ ಏನೂ ಬರೆದಿರಲಿಲ್ಲ. ಅವರು ಮೇಜಿನ ಡ್ರಾಯರಿನಿಂದ ಒಂದು ಪೋಸ್ಟ್‌ಕಾರ್ಡ್ ತೆಗೆದು ಮುಂದಿಟ್ಟರು. ‘ಸರಿಯಾಯಿತೋ ಇಲ್ಲವೋ ಎಂದು ಆ ಮನುಷ್ಯನಿಗೆ ಗೊತ್ತಾಗುವುದು ಹೇಗೆ? ಔಷಧ ಕೊಟ್ಟ ವೈದ್ಯನಿಗೆ ಜ್ವರ ಬಿಟ್ಟದ್ದನ್ನು ಹೇಳಬೇಡವೇ?’ ನಾನು ‘ತಮ್ಮ ಉಪಕಾರವನ್ನು ಎಂದಿಗೂ ಮರೆಯುವುದಿಲ್ಲ’ ಎಂದು ಶುರು ಮಾಡಿದೆ. ಅವರು ಇಣುಕಿ ನೋಡಿ, ಅದೊಂದು ಸಾಲು ಇರಲಿ, ಉಳಿದ ಜಾಗದಲ್ಲಿ ಅಳತೆ ಬರೆ ಎಂದರು. ಬರೆದೆ: 470 ಮೈಕ್ರೋಫ್ಯಾರಡ್ ಹಾಕಿದಾಗ ಸದ್ದು ಕಡಿಮೆಯಾಯಿತು, ನಿಲ್ಲಲಿಲ್ಲ. 1000 ಹಾಕಿದಾಗ ಪೂರ್ತಿ ನಿಂತಿತು. ಅದೇ 1000ವನ್ನು ಒಂದು ಗೇಣು ದೂರದಲ್ಲಿಟ್ಟರೆ ಮತ್ತೆ ಬರುತ್ತದೆ. ಬ್ಯಾಟರಿಯಲ್ಲಿ ನಡೆಸಿದರೆ ಕಂಡೆನ್ಸರ್ ಇಲ್ಲದೆಯೂ ಸದ್ದಿಲ್ಲ.

ಆ ಲೇಖಕರು ಮತ್ತೆ ಉತ್ತರ ಬರೆದರು, ಈ ಸಲ ತಮ್ಮದೇ ಖರ್ಚಿನಲ್ಲಿ. ಇದೇ ದೂರಿನ ಬೇರೆ ಪತ್ರಗಳೂ ಅವರ ಬಳಿ ಇದ್ದವಂತೆ. ಉತ್ತರ ಕಳಿಸಿದ್ದರೂ ಫಲಿತಾಂಶ ತಿಳಿಸಿದವರು ಯಾರೂ ಇರಲಿಲ್ಲ, ತಾನು ಹೇಳಿದ್ದು ಸರಿಯೋ ಎಂಬ ಅನುಮಾನ ಉಳಿದೇ ಇತ್ತು, ಇನ್ನು ಕೇಳಿದವರಿಗೆಲ್ಲ ಧೈರ್ಯದಿಂದ 1000 ಎಂದು ಹೇಳುತ್ತೇನೆ ಎಂದು ಬರೆದಿದ್ದರು. ಆ ಕಾಗದ ಇಂದಿಗೂ ನನ್ನ ಬಳಿ ಇದೆ. ಉಪಕಾರ ಮಾಡಿದವರು ಕಾಯುವುದು ಹೊಗಳಿಕೆಗಾಗಿ ಅಲ್ಲ ಎಂಬುದು ನನಗೆ ಗೊತ್ತಾದದ್ದು ಅದರಿಂದ. ಕತ್ತಲೆಯಲ್ಲಿ ಎಸೆದ ಕಲ್ಲು ಎಲ್ಲಿ ಬಿತ್ತು ಎಂಬ ಸದ್ದಿಗಾಗಿ ಅವರು ಕಿವಿಗೊಟ್ಟಿರುತ್ತಾರೆ.

ಹವ್ಯಾಸಕ್ಕಾಗಿ ರೇಡಿಯೋ ಅಲೆಗಳಲ್ಲಿ ಪರಸ್ಪರ ಮಾತನಾಡುವ ಹ್ಯಾಮ್ ರೇಡಿಯೋದವರು ಹೀಗೆ ಫಲಿತಾಂಶ ತಿಳಿಸುವುದನ್ನು ಒಂದು ಶಿಷ್ಟಾಚಾರವಾಗಿಯೇ ಬೆಳೆಸಿದ್ದಾರೆ. ಇಬ್ಬರು ಹವ್ಯಾಸಿಗಳು ಮಾತನಾಡಿದ ಮೇಲೆ ಕ್ಯೂಎಸ್‌ಎಲ್ ಎಂಬ ಕಾರ್ಡನ್ನು ಅಂಚೆಯಲ್ಲಿ ಕಳಿಸುತ್ತಾರೆ. ಅದರಲ್ಲಿ ಸಿಹಿಮಾತಿಗೆ ಒಂದು ಮೂಲೆ ಮಾತ್ರ. ಮುಖ್ಯವಾದದ್ದು ದಿನ, ಹೊತ್ತು, ಆವರ್ತನ ಮತ್ತು ನಿಮ್ಮ ದನಿ ನನಗೆ ಹೇಗೆ ಕೇಳಿಸಿತು ಎಂಬ ಅಂಕ: ಸ್ಪಷ್ಟತೆಗೆ ಐದರಲ್ಲಿ, ಬಲಕ್ಕೆ ಒಂಬತ್ತರಲ್ಲಿ. ತಾನು ಕಳಿಸಿದ ಅಲೆ ದೂರದಲ್ಲಿ ಏನಾಯಿತೆಂದು ಕಳಿಸಿದವನು ತಾನೇ ತಿಳಿಯಲಾರ. ಕೇಳಿದವನು ಹೇಳಬೇಕು. ದೂರದ ಕಿರುತರಂಗ ಕೇಂದ್ರಗಳಿಗೆ ನಾವು ಕೇಳುಗರು ಬರೆಯುತ್ತಿದ್ದ ವರದಿಗಳೂ ಹೀಗೆಯೇ: ಬಲ, ಅಡ್ಡಿ, ಗದ್ದಲ, ಏರಿಳಿತ, ಒಟ್ಟು ಗುಣ, ಐದಕ್ಕೂ ಐದರಲ್ಲಿ ಅಂಕ. ಮಾತು ಮುಗಿಸುವಾಗ ಹ್ಯಾಮ್‌ಗಳು ಮೋರ್ಸ್ ಸಂಕೇತದಲ್ಲಿ 73 ಎಂದು ಒತ್ತುತ್ತಾರೆ, ಶುಭಾಶಯ ಎಂದು ಅರ್ಥ. 7 ಎಂದರೆ ಎರಡು ಉದ್ದ ಮೂರು ಗಿಡ್ಡ, 3 ಎಂದರೆ ಮೂರು ಗಿಡ್ಡ ಎರಡು ಉದ್ದ. ಹಿಂದಿನಿಂದ ಕೇಳಿದರೂ ಅದೇ ಲಯ. ನನಗೆ ಆ ಸಂಖ್ಯೆ ಬಹಳ ಇಷ್ಟ.

ಹಾಗಾದರೆ ನೀವು ಈಗ ಏನು ಬರೆಯಬೇಕು? ಅದೇ ಪ್ರಶ್ನೆಯ ಕೆಳಗೆ, ಅದೇ ಜಾಗದಲ್ಲಿ, ಹೀಗೆ. ಅಳತೆಗಳು ನಿಮ್ಮವೇ ಇರಲಿ, ಇದು ಮಾದರಿ ಮಾತ್ರ: ‘ಸರಿಯಾಯಿತು, ನಿಮಗೆ ಧನ್ಯವಾದ. ದೋಷ ನೀವು ಹೇಳಿದ್ದೇ. ಟ್ಯಾಂಕಿನಲ್ಲಿ ಎರಡು ತಾಮ್ರದ ಸರಳುಗಳಿದ್ದವು, ಹಗಲೂ ರಾತ್ರಿ 5 ವೋಲ್ಟ್ ಇರುತ್ತಿತ್ತು. ಎರಡು ತಿಂಗಳಲ್ಲಿ ಧನ ಬದಿಯ ಸರಳು ನೀರಿನ ಅಂಚಿನಲ್ಲಿ ತುಂಡಾಗಿತ್ತು, ಸುತ್ತ ಹಸಿರು ಕಿಲುಬು. ಋಣ ಬದಿಯ ಸರಳು ಹಾಗೆಯೇ ಇತ್ತು. ಈಗ ಸ್ಟೇನ್‌ಲೆಸ್ ಸ್ಟೀಲ್ ಸರಳು ಹಾಕಿದ್ದೇನೆ. ನಿಮಿಷಕ್ಕೊಮ್ಮೆ 10 ಮಿಲಿಸೆಕೆಂಡ್ ಮಾತ್ರ ವೋಲ್ಟೇಜು ಕೊಡುತ್ತೇನೆ, ಪ್ರತಿ ಸಲ ದಿಕ್ಕು ಬದಲಾಗುತ್ತದೆ. ಹೊಸ ಚಿತ್ರ ಇಲ್ಲಿದೆ.’ ಇಷ್ಟು ಬರೆದರೆ ಯಾರೂ ಗದರುವುದಿಲ್ಲ. ನಿಮ್ಮ ಧನ್ಯವಾದವೂ ಅದರೊಳಗೇ ಇದೆ.

ಹೀಗೆ ಬರೆಯುವಾಗ ಕಾರಣವನ್ನು ನೀವೇ ಸರಿಯಾಗಿ ತಿಳಿದುಕೊಂಡಿರಬೇಕು, ಇಲ್ಲವಾದರೆ ಅದು ಕೇಳಿದ್ದನ್ನು ಒಪ್ಪಿಸಿದಂತೆ. ನೀರಿನಲ್ಲಿ ಎರಡು ಲೋಹದ ಸರಳಿಟ್ಟು ಸದಾ ಒಂದೇ ದಿಕ್ಕಿಗೆ ಕರೆಂಟು ಹರಿಸಿದರೆ ನಡೆಯುವುದು ವಿದ್ಯುದ್ವಿಭಜನೆ. ಧನ ಸರಳಿನ ತಾಮ್ರ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಯಾನಾಗಿ ನೀರಿಗೆ ಇಳಿಯುತ್ತದೆ. ಋಣ ಸರಳಿನಲ್ಲಿ ಜಲಜನಕದ ಗುಳ್ಳೆ ಏಳುತ್ತದೆ. ಕರೆಂಟು ಹೆಚ್ಚಾದಷ್ಟೂ, ಅದು ಹರಿಯುವ ಹೊತ್ತು ಹೆಚ್ಚಾದಷ್ಟೂ ಲೋಹ ಸವೆಯುತ್ತದೆ. ಹೊತ್ತನ್ನು ನಿಮಿಷಕ್ಕೆ 10 ಮಿಲಿಸೆಕೆಂಡಿಗೆ ಇಳಿಸಿದರೆ 6000ದಲ್ಲಿ ಒಂದು ಪಾಲಾಯಿತು. ದಿಕ್ಕನ್ನೂ ಬದಲಿಸಿದರೆ ಉಳಿದ ಸವೆತ ಎರಡು ಸರಳುಗಳಿಗೆ ಹಂಚಿಹೋಗುತ್ತದೆ. ನಮ್ಮ ಕಡೆ ಇದಕ್ಕೆ ಇನ್ನೊಂದು ಮುಖವಿದೆ. ಮುರಕಲ್ಲಿನ ಗುಡ್ಡದ ಮೇಲಿನ ಬಾವಿಯ ನೀರಿನಲ್ಲಿ ಲವಣ ಕಡಿಮೆ, ಕರೆಂಟು ಕಷ್ಟದಿಂದ ಹರಿಯುತ್ತದೆ. ಮಲ್ಪೆಯಂಥ ಕಡಲ ಬದಿಯ ಬಾವಿಗೆ ಏಪ್ರಿಲ್-ಮೇ ತಿಂಗಳಲ್ಲಿ ಸಿಹಿನೀರಿನ ಮಟ್ಟ ಇಳಿದು ಉಪ್ಪು ಸೇರಬಹುದು. ಆಗ ಅದೇ 5 ವೋಲ್ಟಿಗೆ ಹೆಚ್ಚು ಕರೆಂಟು, ಹೆಚ್ಚು ಸವೆತ. ಬೇರೆ ದೇಶದಲ್ಲಿ ಕುಳಿತು ನಿಮಗೆ ಉತ್ತರಿಸಿದವರಿಗೆ ಇದನ್ನು ನೀವೇ ಹೇಳಬೇಕು. ಇದರಲ್ಲಿ ಅವರಿಗಿಂತ ಹೆಚ್ಚು ಬಲ್ಲವರು ನೀವು.

ಹಣದ ವಿಷಯವನ್ನು ಬೇಗ ಮುಗಿಸುತ್ತೇನೆ. ಕೇಳದವರಿಗೆ ಕೊಡಬೇಡಿ. ಮೂರು ರಾತ್ರಿಯ ಸ್ನೇಹಕ್ಕೆ ದರ ಕಟ್ಟಿದಂತಾಗುತ್ತದೆ, ಅವರು ಮುಜುಗರಪಡುತ್ತಾರೆ. ದೇಣಿಗೆಯಿಂದ ನಡೆಯುತ್ತೇವೆ ಎಂದು ತಾವೇ ಹೇಳಿಕೊಂಡ ಉಚಿತ ತಂತ್ರಾಂಶಗಳ ಮಾತು ಬೇರೆ. ನೀವು ಕಾಲೇಜಿನಲ್ಲಿ ಬೋರ್ಡಿನ ವಿನ್ಯಾಸಕ್ಕೆ ಕಿಕ್ಯಾಡ್ ಬಳಸುತ್ತಿರಬಹುದು. ಅದನ್ನು 1992ರಲ್ಲಿ ಫ್ರಾನ್ಸಿನ ಜೀನ್-ಪಿಯರ್ ಶಾರಾಸ್ ಶುರು ಮಾಡಿದರು, ಇಂದು ಲೋಕವೆಲ್ಲ ಉಚಿತವಾಗಿ ಬಳಸುತ್ತದೆ. ಸಂಪಾದನೆ ಶುರುವಾದ ಮೇಲೆ ಅಂಥದಕ್ಕೆ ಕೈಲಾದದ್ದು ಕೊಡಿ. ಸಿಗ್ನೆಟಿಕ್ಸ್ ಕಂಪನಿಗಾಗಿ 555 ಟೈಮರ್ ಎಂಬ, ಹೊತ್ತು ಅಳೆಯುವ ಚಿಪ್ಪಿನ ವಿನ್ಯಾಸ ಮಾಡಿದ ಹಾನ್ಸ್ ಕ್ಯಾಮೆನ್‌ಜಿಂಡ್ ಚಿಪ್ ವಿನ್ಯಾಸದ ಬಗ್ಗೆ ಬರೆದ ಪುಸ್ತಕವನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದಲೆಂದು ಉಚಿತವಾಗಿ ಇಟ್ಟರು. 1972ರಲ್ಲಿ ಮಾರುಕಟ್ಟೆಗೆ ಬಂದ ಆ ಎಂಟು ಕಾಲಿನ ಐಸಿಯನ್ನು ನಾನು ಎಷ್ಟು ನೂರು ಮಕ್ಕಳ ಕೈಗೆ ಕೊಟ್ಟಿದ್ದೇನೋ. ಪ್ರತಿ ಸಲವೂ ಅವರ ಹೆಸರನ್ನು ಬೋರ್ಡಿನ ಮೇಲೆ ಬರೆದೇ ಪಾಠ ಶುರು ಮಾಡುತ್ತಿದ್ದೆ. ವಸ್ತುವಿನ ಹಿಂದೆ ಮನುಷ್ಯನಿದ್ದಾನೆ ಎಂದು ಮಕ್ಕಳಿಗೆ ಗೊತ್ತಾಗಬೇಕು.

ಉತ್ತರಿಸಿದವರ ಮಟ್ಟಿಗೆ ಇನ್ನೊಂದು ಮಾತು. ಕೇಳುವ ರೀತಿಯಲ್ಲೇ ಅರ್ಧ ಕೃತಜ್ಞತೆ ಇರುತ್ತದೆ. ಮಾಸ್ಟ್ರ ಬಳಿಗೆ ‘ಕೆಲಸ ಮಾಡುವುದಿಲ್ಲ’ ಎಂದು ಬರಿಗೈಯಲ್ಲಿ ಹೋದರೆ ಅವರು ತಲೆ ಎತ್ತುತ್ತಿರಲಿಲ್ಲ. ಮೂರು ಕಾಲುಗಳ ವೋಲ್ಟೇಜು ಬರೆದ ಚೀಟಿ ಹಿಡಿದು ಹೋದರೆ ಕಾಯುತ್ತಿದ್ದ ಗಿರಾಕಿಯನ್ನೂ ನಿಲ್ಲಿಸಿ ನೋಡುತ್ತಿದ್ದರು. ನಿಮಗೂ ಆ ಅಪರಿಚಿತರು ಅಳತೆಗಳನ್ನು ಕೇಳಿದರು, ನೀವು ಕೊಟ್ಟಿರಿ. ಅದಕ್ಕೇ ಅವರು ಮೂರು ರಾತ್ರಿ ಉಳಿದರು ಎಂದು ನನಗೆ ಅನ್ನಿಸುತ್ತದೆ.

ಋಣ ತೀರಿಸಿದೆನೇ ಎಂದು ಕೇಳಿದ್ದೀರಿ. ನಮ್ಮ ಹಿರಿಯರು ಋಷಿಋಣ ಎಂದು ಒಂದನ್ನು ಹೇಳುತ್ತಿದ್ದರು. ಅದು ಋಷಿಗಳಿಗೆ ದಕ್ಷಿಣೆ ಕೊಟ್ಟು ತೀರುವಂಥದ್ದಲ್ಲ, ಓದಿ ಓದಿಸಿ ತೀರಿಸುವಂಥದ್ದು. ಮಾಸ್ಟ್ರು ನನ್ನಿಂದ ಒಂದು ಪೈಸೆಯನ್ನೂ ತೆಗೆದುಕೊಳ್ಳಲಿಲ್ಲ. ಮೊದಲ ಸಂಬಳದಲ್ಲಿ ನಾನು ತಂದ ಪಂಚೆಯನ್ನು ಮಾತ್ರ ಒಪ್ಪಿಕೊಂಡರು. ಅವರಿಗೆ ನಿಜವಾಗಿ ಸಂತೋಷವಾದದ್ದು ಬೇರೆ ಸಂದರ್ಭದಲ್ಲಿ. ನಾನು ಪ್ರಯೋಗಾಲಯದಲ್ಲಿ ಅಂಥದೇ ಒಂದು ಉದ್ದನೆಯ ಪುಸ್ತಕವನ್ನು, ಐದನೆಯ ಕಲಮಿನ ಸಮೇತ, ಗೋಡೆಗೆ ನೇತುಹಾಕಿದ್ದೇನೆ ಎಂದು ಹೇಳಿದಾಗ. ‘ಮಕ್ಕಳು ಬರೆಯುತ್ತಾರಾ?’ ಎಂದು ಎರಡು ಸಲ ಕೇಳಿದರು.

ಅದೇ ಪ್ರಶ್ನೆಯನ್ನು ನಾನು ನಿಮ್ಮ ಮುಂದೆ ಇಡುತ್ತೇನೆ. ನಿಮ್ಮ ವರದಿಯನ್ನು ಇಂಗ್ಲಿಷಿನಲ್ಲಿ ಬರೆದ ಮೇಲೆ ಕನ್ನಡದಲ್ಲೂ ಒಮ್ಮೆ ಬರೆದು ಹಾಕಿ. ಬೈಂದೂರಿನಲ್ಲೋ ಉಳ್ಳಾಲದಲ್ಲೋ ಇದೇ ಪಂಪಿನ ಮುಂದೆ ಕುಳಿತ ಹುಡುಗಿಯೊಬ್ಬಳು ‘ನೀರಿನ ಟ್ಯಾಂಕು, ಸರಳು, ಕಿಲುಬು’ ಎಂದು ಕನ್ನಡದಲ್ಲಿ ಹುಡುಕಿದರೆ ಇಂದು ಸಿಗುವುದು ಬಹಳ ಕಡಿಮೆ. ಎಲೆಕ್ಟ್ರಾನಿಕ್ಸನ್ನು ಕನ್ನಡದಲ್ಲಿ ಬರೆಯಲು ಬರುವುದಿಲ್ಲ ಎಂದು ನಂಬಬೇಡಿ. ರಿಲೇ, ಡಯೋಡ್, ವೋಲ್ಟ್ ಎಂಬ ಪದಗಳು ಹಾಗೆಯೇ ಇರಲಿ, ಕ್ರಿಯಾಪದಗಳು ನಮ್ಮವಿದ್ದರೆ ಸಾಕು. ಮಾಸ್ಟ್ರ ಪುಸ್ತಕ ನಡೆದದ್ದು ಹಾಗೆಯೇ.

ಐದನೆಯ ಕಲಮನ್ನು ಮರೆಯಬೇಡಿ. ಹೊಸ ಸರಳುಗಳನ್ನು ಹಾಕಿದ ದಿನಾಂಕ ಬರೆದಿಟ್ಟುಕೊಳ್ಳಿ. ಕಾಲೇಜಿನಿಂದ ಸ್ಕ್ರೂಗೇಜ್ ತಂದು ನೀರಿನ ಅಂಚಿನಲ್ಲಿ ಎರಡೂ ಸರಳುಗಳ ದಪ್ಪವನ್ನು ಇಂದೇ ಅಳೆಯಿರಿ. ಬೇಸಿಗೆಯಲ್ಲಿ ಬಾವಿಯ ನೀರು ಉಪ್ಪಾದಾಗ ಒಮ್ಮೆ, ಮಳೆಗಾಲದ ಆಟಿ ತಿಂಗಳಲ್ಲಿ ಬಾವಿ ತುಂಬಿದಾಗ ಇನ್ನೊಮ್ಮೆ ಅಳೆಯಿರಿ. ಪಂಪಿನ ಮುಖ್ಯ ಸ್ವಿಚ್ಚನ್ನು ಬಂದ್ ಮಾಡಿದ ಮೇಲೆಯೇ ಟ್ಯಾಂಕಿಗೆ ಕೈ ಹಾಕಿ. ಪಂಪನ್ನು ಚಾಲೂ-ಬಂದ್ ಮಾಡುವ ರಿಲೇಯ ಸುರುಳಿಗೆ ಅಡ್ಡಲಾಗಿ 1ಎನ್4007 ಡಯೋಡ್ ಇದೆಯೇ ಎಂದೂ ಆಗಲೇ ನೋಡಿಬಿಡಿ, ಇಲ್ಲವಾದರೆ ಮುಂದೆ ಸಾಯುವುದು ರಿಲೇಯನ್ನು ನಡೆಸುವ ಟ್ರಾನ್ಸಿಸ್ಟರ್. ಮೂರು ಅಳತೆಗಳನ್ನೂ ಆ ಅಪರಿಚಿತರಿಗೆ ಬರೆಯಿರಿ, ನನಗೂ ಒಂದು ಪ್ರತಿ ಕಳಿಸಿ.